ಹತ್ತೊಂಬತ್ತು ವರ್ಷ ಬಿಚ್ಚದ ಕೋವಿ

ಅವನನ್ನು ಎಲ್ಲರೂ ತುಕ್ಕಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಕೋವಿ ರಿಪೇರಿ ಅವನ ಕಸುಬು. ಯಾರಾದರೂ ಹಳೆಯ ಕೋವಿ ತಂದು, "ಇದನ್ನ ವಾರಕ್ಕೊಂದ್ಸಲ ಒರೆಸಿ ಎಣ್ಣೆ ಹಚ್ತಿದ್ದೆ" ಎಂದು ಬುರುಡೆ ಬಿಡಲು ಶುರುಮಾಡಿದರೆ, ಅವನು ನಳಿಗೆಗೆ ಕಣ್ಣಿಟ್ಟು ನೋಡಿ, "ನೀವು ಏನು ಬೇಕಾದ್ರೂ ಹೇಳಿ, ತುಕ್ಕಿಗೆ ಮಾತ್ರ ಸುಳ್ಳು ಹೇಳೋಕೆ ಬರಲ್ಲ" ಎನ್ನುತ್ತಿದ್ದ. ನಲವತ್ತು ವರ್ಷ ಈ ಒಂದೇ ಮಾತನ್ನು ಹೇಳಿ ಹೇಳಿ ಹೆಸರು ಅಂಟಿಕೊಂಡಿತು. ಆ ಮಾತು ಸುತ್ತಿ ಸುತ್ತಿ ತನ್ನ ಕೊರಳಿಗೇ ಬಂದು ಬೀಳುತ್ತದೆಂದು ಪಾಪ ಅವನಿಗೇನು ಗೊತ್ತು.

ಅಂಗಡಿ ಎಂದರೆ ಎಂಟಡಿ ಅಗಲದ ಒಂದು ಕೋಣೆ. ಒಂದು ಕಡೆ ಇಸ್ತ್ರಿ ಅಂಗಡಿ, ಇನ್ನೊಂದು ಕಡೆ ಮಹಡಿಗೆ ಹೋಗುವ ಮೆಟ್ಟಿಲು. ಕಿಟಕಿಗೆ ಹೊಂದಿಕೊಂಡು, ಎಣ್ಣೆ ಕುಡಿದು ಕಪ್ಪಾದ ಕೆಲಸದ ಮೇಜು. ಅದರ ತುದಿಗೆ ಬಾಯಿಗೆ ತೊಗಲು ಹೊದಿಸಿದ, ಕೋವಿ ಬಿಗಿದಿಡುವ ವೈಸು. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂಗುಹಾಕಿದ ಅರಗಳು. ಬಾಗಿಲ ಮೇಲೆ 'ತುಂಬಿದ ಕೋವಿ ಒಳಗೆ ತರಬೇಡಿ' ಎಂಬ ಬೋರ್ಡು. ಅದರ ಕೆಳಗೆ ಯಾರೋ ಗಿರಾಕಿ ಪೆನ್ಸಿಲಿನಲ್ಲಿ 'ಮಾಲೀಕರ ತಲೆ ಹೊರತು' ಎಂದು ಗೀಚಿದ್ದ. ತುಕ್ಕಣ್ಣ ಅದನ್ನು ಓದಿ ಮೂರು ದಿನ ಉರಿದುಬಿದ್ದು, ಆಮೇಲೆ ಹಾಗೇ ಬಿಟ್ಟಿದ್ದ. ಹಿಂದಿನ ಗೋಡೆಯಲ್ಲಿ ತಟ್ಟೆಯಗಲದ ಕಿಂಡಿ. ಅದರಾಚೆ ಅಡುಗೆಮನೆ. ಹೆಂಡತಿ ಅಲ್ಲಿಂದಲೇ ಟೀ ದಾಟಿಸುತ್ತಿದ್ದಳು, ಅಲ್ಲಿಂದಲೇ ಬೈಯುತ್ತಿದ್ದಳು, ಊಟಕ್ಕೆ ಏಳುವ ಸೂಚನೆ ಏನಾದರೂ ಇದೆಯೋ ಎಂದು ಅಲ್ಲಿಂದಲೇ ಇಣುಕುತ್ತಿದ್ದಳು. ಮಕ್ಕಳಿಲ್ಲದ ಮನೆ; ಆ ಕಿಂಡಿಯಲ್ಲೇ ಇಬ್ಬರ ಸಂಸಾರ ನಡೆದುಹೋಗಿತ್ತು.

ಕೆಲಸದಲ್ಲಿ ಮಾತ್ರ ಅವನಿಗೆ ಎದುರಿಲ್ಲ. ಬಾಯಿ ಬಿಟ್ಟರೆ ಬೆಂಕಿ, ಕೈ ಇಟ್ಟರೆ ಚಿನ್ನ ಎಂದು ಇಸ್ತ್ರಿಯವನು ಹೇಳುತ್ತಿದ್ದ. ತಪ್ಪಾಯಿತು ಎಂಬ ಮಾತನ್ನು ಅವನ ಬಾಯಿಂದ ಕೇಳಿದವರು ಯಾರೂ ಇರಲಿಲ್ಲ. ತಪ್ಪು ಮಾಡಿದರೆ ತಾನೇ ಹೇಳುವುದು, ಎನ್ನುವುದು ಅವನ ವಾದ.

ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅಂಗಡಿಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕಂಕುಳಲ್ಲಿ ಕಂಬಳಿಯ ಉದ್ದನೆಯ ಸುರುಳಿ, ಕೈಯಲ್ಲಿ ಮುದ್ರೆ ಒತ್ತಿದ ಒಂದು ಕಾಗದ. ತುಕ್ಕಣ್ಣ ಕನ್ನಡಕದ ಮೇಲಿಂದ ನೋಡಿದ. ಭಾಮೈದನ ಹೆಂಡತಿ. ಅಂದರೆ ಅವನ ಹೆಂಡತಿಯ ಒಬ್ಬನೇ ತಮ್ಮನ ಹೆಂಡತಿ. ಆ ತಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವಳು ಈ ಹೊಸ್ತಿಲಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು.

"ಒಳಗೆ ಬರಬಹುದಾ ಅಣ್ಣ?" ಎಂದಳು.

ಅವನು ಸ್ಟೂಲು ಮುಂದಕ್ಕೆ ತಳ್ಳಿದ. ಅವಳು ಕೂರಲಿಲ್ಲ. ಸುರುಳಿಯನ್ನು ಮೇಜಿನ ಮೇಲೆ ಮಲಗಿಸಿ, ಮಲಗಿದ ಮಗುವಿನ ಹೊದಿಕೆ ಸರಿಸುವ ಹಾಗೆ ಕಂಬಳಿ ಬಿಡಿಸಿದಳು. ಅವನಿಗೆ ನೋಡುವ ಅಗತ್ಯವೇ ಇರಲಿಲ್ಲ. ಬೆನ್ನು ಚೌಕವಾಗಿರುವ ಆ ಹಳೆಯ ಆಟೋಮ್ಯಾಟಿಕ್ ಕೋವಿ ಅವನ ಮಾವನದು. ಮಾವನಿಂದ ಭಾಮೈದನಿಗೆ ಬಂದದ್ದು. ಮೈಯೆಲ್ಲ ತುಕ್ಕು ಹಿಡಿದಿತ್ತು. ಎಡಗೈಯಲ್ಲಿ ಹಿಡಿಯುವ ಮುಂದಿನ ಹಿಡಿಮರ ಉದ್ದಕ್ಕೆ ಸೀಳಿ, ಯಾರೋ ದಾರ ಸುತ್ತಿ ಕಟ್ಟಿದ್ದರು.

"ಅವರು ಹೋಗೋ ಮುಂಚೆ ಹೇಳಿದ್ರು, ಇದು ಅಕ್ಕನಿಗೆ ಸೇರ್ಬೇಕು ಅಂತ. ಅಪ್ಪಂದು ಅಂತ ಉಳಿದಿರೋದು ಇದೊಂದೇ ಅಲ್ವಾ. ಅತ್ತಿಗೆ ಹೆಸರಿಗೆ ಲೈಸೆನ್ಸಿಗೂ ಬರೆದು ಹಾಕಿದ್ದೀವಿ, ಕಚೇರಿಯೋರು ಆಗಬಹುದು ಅಂದಿದ್ದಾರೆ. ಆದ್ರೆ ಕೋವಿ ಕೆಲಸ ಮಾಡೋ ಸ್ಥಿತೀಲಿ ಇರ್ಬೇಕಂತೆ. ಇಪ್ಪತ್ತೊಂದನೇ ತಾರೀಕು ಅವರ ಮೈದಾನದಲ್ಲಿ ಐದು ತೋಟಾ ಹಾರಿಸಿ ತೋರಿಸ್ಬೇಕು. ಇಲ್ಲಾಂದ್ರೆ ಗ್ಯಾಸ್ ಕಟರಿನಲ್ಲಿ ಮೂರು ತುಂಡು ಮಾಡಿ ಗುಜರಿಗೆ ಹಾಕ್ತಾರಂತೆ."

"ಬೇರೆ ರಿಪೇರಿಯೋರು ಊರಲ್ಲಿ ಇರ್ಲಿಲ್ವಾ?" ಎಂದ ತುಕ್ಕಣ್ಣ. ಕೇಳಬೇಕೆಂದು ಕೇಳಿದ್ದಲ್ಲ, ನಾಲಿಗೆಗೆ ಅದೇ ಅಭ್ಯಾಸ.

"ಇದ್ರು. ಆದ್ರೆ ನಮ್ಮೋರು, ಭಾವನ ಕೈಲೇ ಬಿಚ್ಚಿಸು, ಇನ್ಯಾರಿಗೂ ಮುಟ್ಟಿಸಬೇಡ ಅಂದ್ರು."

ಕಿಂಡಿಯಲ್ಲಿ ಹೆಂಡತಿಯ ಮುಖ ಕಾಣಿಸಿತು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. "ಟೀ ಕುಡ್ಕೊಂಡು ಹೋಗೇ" ಎಂದಳು ಹೆಂಡತಿ. "ಇನ್ನೊಂದ್ಸಲ ಬರ್ತೀನಿ ಅತ್ತಿಗೆ, ನೀವೇ ಒಂದ್ಸಲ ಬನ್ನಿ" ಎಂದು ಅವಳು ಕಂಬಳಿ ಮಡಚಿಕೊಂಡು ಹೊರಟೇಬಿಟ್ಟಳು.

ತುಕ್ಕಣ್ಣ ಕೋವಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಹಿಡಿಮರದ ತುದಿಯಲ್ಲಿ ಅದನ್ನು ಬಿಗಿಹಿಡಿಯುವ ಉಕ್ಕಿನ ಮುಚ್ಚಳ. ಮುಚ್ಚಳದಿಂದ ಮರದ ಮೇಲಕ್ಕೆ ಹರಿದ ಒಂದು ಸಣ್ಣ ಕೆಂಪು ಗೆರೆ. ಮಾಸಿತ್ತು, ಆದರೆ ಒಡೆದಿರಲಿಲ್ಲ. ಅದನ್ನು ನೋಡಿದ್ದೇ ಅವನು ಕೋವಿಯನ್ನು ಮೆಲ್ಲಗೆ ಮೇಜಿನ ಮೇಲೆ ಇಳಿಸಿದ.

ಆ ಗೆರೆ ಎಳೆದವನು ಅವನೇ. ಯಾವ ಕೋವಿಯಾದರೂ ಸರಿ, ಕೆಲಸ ಮುಗಿಸಿ ಮುಚ್ಚಿದ ಮೇಲೆ ಹೆಂಡತಿಯ ಉಗುರುಬಣ್ಣದ ಕಡ್ಡಿಯಿಂದ ಹೀಗೊಂದು ಗೆರೆ ಎಳೆದು ಕೊಡುತ್ತಿದ್ದ. ಆಮೇಲೆ ಗಿರಾಕಿ ಮನೆಯಲ್ಲಿ ಕೈಯಾಡಿಸಿ ಕೆಡಿಸಿಕೊಂಡು, "ನೀವು ಮಾಡಿದ್ದೇ ಹೀಗೆ" ಎಂದು ಬಂದರೆ ಒಡೆದ ಗೆರೆ ತೋರಿಸಿ ಬಾಯಿ ಮುಚ್ಚಿಸುವುದಕ್ಕೆ. ಎಷ್ಟೋ ಜನರ ಬಾಯಿ ಹಾಗೆ ಮುಚ್ಚಿಸಿದ್ದ. ಈ ಗೆರೆ ಒಡೆದಿಲ್ಲ ಎಂದರೆ ಆ ದಿನದಿಂದ ಈ ಕೋವಿಯನ್ನು ಯಾರೂ ಬಿಚ್ಚಿಲ್ಲ. ಒಳಗೆ ಏನಿದೆಯೋ ಅದು ಅವನ ಕೈ ಇಟ್ಟದ್ದೇ.

ಆ ದಿನದ ಕಥೆಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ.

ಭಾಮೈದ ಟೈಲರ್. ಕೋಟು ಹೊಲಿಯುವುದರಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ಅವನು ಹೊಲಿದ ಕೋಟು ಹಾಕಿಕೊಂಡರೆ ಸಾಲಗಾರನೂ ಸಾಹುಕಾರನಂತೆ ಕಾಣುತ್ತಿದ್ದ. ಭಾನುವಾರ ಬಂತೆಂದರೆ ಮಾತ್ರ ಕತ್ತರಿ ಕೆಳಗಿಟ್ಟು ಅಪ್ಪನ ಕೋವಿ ಹೆಗಲಿಗೇರಿಸಿ, ಪರವಾನಗಿ ತೆಗೆದುಕೊಂಡು ಕಾಡುಹಂದಿಗೆ ಹೋಗುತ್ತಿದ್ದ. ತುಕ್ಕಣ್ಣನ ಜೊತೆ ಅವನಿಗೆ ಇನ್ನಿಲ್ಲದ ಸಲಿಗೆ. ಅಕ್ಕನ ಅಡುಗೆಮನೆಯಿಂದ ತಿಂಡಿ ತೆಗೆಯುವುದಕ್ಕೂ ಬಾಗಿಲು ಬಿಟ್ಟು ಕಿಂಡಿಯಲ್ಲೇ ಕೈ ಹಾಕುವ ಜಾತಿ.

ಈ ಕೋವಿಯ ವಿಷಯ ಒಂದಿಷ್ಟು ತಿಳಿಯಬೇಕು. ಗುಂಡು ಹಾರಿದ ಕೂಡಲೇ ಇದರ ನಳಿಗೆಯೇ ಹಿಂದಕ್ಕೆ ಸರಿಯುತ್ತದೆ, ಖಾಲಿ ತೋಟಾ ಎಸೆಯುತ್ತದೆ, ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ಸರಿಯುವ ನಳಿಗೆಯನ್ನು ತಡೆಯಲು ಹಿಡಿಮರದೊಳಗಿನ ಕೊಳವೆಯ ಮೇಲೆ ಒಂದು ದಪ್ಪ ಸ್ಪ್ರಿಂಗು, ಜೊತೆಗೊಂದು ಉಕ್ಕಿನ ರಿಂಗು. ಭಾರದ ತೋಟಾ ಹಾರಿಸುವಾಗ ರಿಂಗು ಸ್ಪ್ರಿಂಗಿನ ಮುಂದಿರಬೇಕು, ಅದೇ ಬ್ರೇಕು. ಹಗುರ ತೋಟಾ ಆದರೆ ಅದನ್ನು ತೆಗೆದು ಸ್ಪ್ರಿಂಗಿನ ಹಿಂದೆ, ತಳಕ್ಕೆ ಹಾಕಿಡಬೇಕು. ರಿಂಗನ್ನು ತಳದಲ್ಲೇ ಬಿಟ್ಟು ಭಾರದ ತೋಟಾ ಹಾರಿಸಿದರೆ ನಳಿಗೆ ಸುತ್ತಿಗೆಯಂತೆ ಹಿಂದಕ್ಕೆ ಬಡಿಯುತ್ತದೆ. ತುಕ್ಕಣ್ಣ ರಿಪೇರಿಯಾದ ಕೋವಿಗಳನ್ನು ಹಳೆಯ ಕಲ್ಲುಗಣಿಗೆ ಒಯ್ದು ಹಗುರ ತೋಟಾದಲ್ಲೇ ಪರೀಕ್ಷಿಸುತ್ತಿದ್ದ. ವಯಸ್ಸಾಗುತ್ತಿದ್ದ ಹೆಗಲಿಗೆ ಅದೇ ಹಿತ. ಮರಳಿ ಬಂದು ರಿಂಗು ಮುಂದಕ್ಕೆ ಹಾಕಿ, ಮುಚ್ಚಳ ಬಿಗಿದು, ಕೆಂಪು ಗೆರೆ.

ಆ ಭಾನುವಾರ ಭಾಮೈದ, ತುಕ್ಕಣ್ಣನ ಕೈಯಲ್ಲಿ ರಿಪೇರಿಯಾಗಿ ಬಂದ ಕೋವಿಗೆ ಭಾರದ ತೋಟಾ ಹಾಕಿ ಕುದುರೆ ಎಳೆದ. ಎರಡನೇ ಗುಂಡಿಗೆ ಹಿಡಿಮರ ಸೀಳಿತು. ಮರದ ಸಿಬಿರು ಎಡ ಅಂಗೈ ಹೊಕ್ಕು ಆಚೆ ಬಂತು. ಆಸ್ಪತ್ರೆಯಲ್ಲಿ ಮೂರು ಬೆರಳಿನ ನರ ಹೋಗಿದೆ ಎಂದರು. ಮಡಚದ ಬೆರಳಿನಲ್ಲಿ ಬಟ್ಟೆ ಹಿಡಿಯುವುದು ಹೇಗೆ? ಕೋಟಿನ ಕಸುಬು ಅಲ್ಲಿಗೆ ಮುಗಿಯಿತು. ಆಮೇಲೆ ಸಾಯುವ ತನಕ ಅವನು ಬಸ್ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಇಟ್ಟುಕೊಂಡು ಟೋಕನ್ ಕೊಡುತ್ತಾ ಕೂತ.

ಆಸ್ಪತ್ರೆಯ ಮಂಚದ ಮೇಲೆ, ಬ್ಯಾಂಡೇಜಿನ ಉಂಡೆಯಂಥ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಅವನು ಕೇಳಿದ್ದು ಒಂದೇ ಮಾತು.

"ಭಾವ, ರಿಂಗು ಬದಲಾಯಿಸಿದ್ರಾ?"

ಜಗಳದ ದನಿಯೇ ಅಲ್ಲ ಅದು. ಆದರೆ ತುಕ್ಕಣ್ಣನ ನೆತ್ತಿಗೆ ಪಿತ್ತ ಏರಿತು. "ನನ್ನ ಕೇಳ್ತೀಯಾ? ನೀನು ಲಂಗೋಟಿ ಕಟ್ಟೋಕೆ ಮುಂಚಿಂದ ಕೋವಿ ಬಿಚ್ತಿದ್ದೀನಿ ನಾನು! ನೀನು ಯಾವ ಹಾಳು ತೋಟಾ ತುಂಬಿದ್ಯೋ!" ಎಂದು ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಕೂಗಿದ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ತಲೆಯ ಮೇಲೆ ಕೈಯಿಟ್ಟು, "ನಿಮ್ಮಕ್ಕನ ಮೇಲಾಣೆ, ಬದಲಾಯಿಸಿದ್ದೆ" ಎಂದುಬಿಟ್ಟ.

ಆಣೆಯ ವಿಷಯದಲ್ಲಿ ಮಾವ ಬಲು ಕಟ್ಟುನಿಟ್ಟಿನ ಮನುಷ್ಯನಾಗಿದ್ದ. ಸುಳ್ಳು ಆಣೆಯ ಕೇಡು ಇಟ್ಟವನಿಗೆ ತಟ್ಟುವುದಿಲ್ಲ, ಯಾರ ತಲೆ ಮುಟ್ಟಿದ್ದಾನೋ ಅವರಿಗೆ ತಟ್ಟುತ್ತದೆ ಎಂದು ಮಕ್ಕಳಿಬ್ಬರಿಗೂ ಎಳವೆಯಲ್ಲೇ ಹೇಳಿ ಹೆದರಿಸಿಟ್ಟಿದ್ದ. ಆ ಮಾತು ಕೇಳಿದ ಭಾಮೈದನ ಮುಖ ಬಿಳಿಚಿಕೊಂಡಿತು. ಅಕ್ಕನ ಕಡೆ ಒಮ್ಮೆ ನೋಡಿ, ಗೋಡೆಗೆ ಮುಖ ತಿರುಗಿಸಿಕೊಂಡ. ಗೆದ್ದೆ ಅಂದುಕೊಂಡ ತುಕ್ಕಣ್ಣ, ಹೆಂಡತಿಯ ಕೈ ಹಿಡಿದು ಹೊರಗೆ ಬಂದ. "ಅವನಾಗಿ ಬಂದು ತಪ್ಪಾಯ್ತು ಅನ್ನೋವರೆಗೂ ಆ ಮನೆ ಹೊಸ್ತಿಲು ತುಳಿಯಲ್ಲ" ಎಂದ. ಹೆಂಡತಿಯೂ ತುಳಿಯಲಿಲ್ಲ. ಬಳಗದವರು ಯಾರಾದರೂ ಕೇಳಿದರೆ, "ನನ್ನ ತಲೆ ಮುಟ್ಟಿ ಹೇಳಿದಾರೆ. ನಾನು ಹೋದ್ರೆ ಗಂಡನ್ನ ನಂಬಿಲ್ಲ ಅಂತ ಆಗುತ್ತಲ್ಲ" ಎನ್ನುತ್ತಿದ್ದಳು.

ತಮ್ಮ ಸತ್ತ ಸುದ್ದಿ ಬಂದ ದಿನ ಅವಳು ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗಿದ್ದಳು. "ಬರ್ತೀರಾ?" ಎಂದಳು. ತುಕ್ಕಣ್ಣ, "ಆ ಮನೆಯೋರು ಕರೆದಿದ್ದಾರಾ?" ಎಂದ. "ಸಾವಿಗೂ ಕರೀಬೇಕಾ?" ಎಂದಳು. ಅವನು ಅರ ಕೈಗೆತ್ತಿಕೊಂಡ. ಅವಳು ಬಾಗಿಲಲ್ಲಿ ಅರ್ಧ ಗಂಟೆ ನಿಂತಿದ್ದು, ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಂದಿನಿಂದ ಕಿಂಡಿಯಲ್ಲಿ ಬೈಗುಳವೂ ಬರುವುದು ನಿಂತಿತ್ತು.

ಈಗ ಆ ಕೋವಿ ಮೇಜಿನ ಮೇಲೆ. ಒಡೆಯದ ಗೆರೆ ಮೇಲಕ್ಕೆ ಮಾಡಿಕೊಂಡು ಮಲಗಿದೆ.

ತುಕ್ಕಣ್ಣನಿಗೆ ರಿಂಗು ಬದಲಾಯಿಸಿದ್ದು ಚೆನ್ನಾಗಿ ನೆನಪಿತ್ತು. ತಣ್ಣಗಿದ್ದ ರಿಂಗು, ಬೆರಳಿಗಂಟಿದ ಎಣ್ಣೆ, ಅದು ಕೊಳವೆಯ ಮೇಲೆ ಜಾರಿ ಕೂತ ಸದ್ದು, ಎಲ್ಲ ನೆನಪಿತ್ತು. ಹತ್ತೊಂಬತ್ತು ವರ್ಷದಿಂದ ದಿನಕ್ಕೊಮ್ಮೆ ನೆನೆದು ನೆನೆದು ಆ ನೆನಪು ಬೆಳಗಿದ ಪಾತ್ರೆಯಂತೆ ಹೊಳೆಯುತ್ತಿತ್ತು. ಅಷ್ಟು ಹೊಳೆಯುವುದೇ ಅವನಿಗೆ ಭಯ ಹುಟ್ಟಿಸಿತು. ನಿಜವಾಗಿ ಮಾಡಿದ ಕೆಲಸ ಇಷ್ಟೊಂದು ಸ್ಪಷ್ಟವಾಗಿ ಎಲ್ಲಿ ನೆನಪಿರುತ್ತದೆ? ನಿನ್ನೆ ಮಾಡಿದ ಕೆಲಸವೇ ನೆನಪಿರುವುದಿಲ್ಲ.

ಇಪ್ಪತ್ತೊಂದಕ್ಕೆ ಹದಿನಾರು ದಿನ ಇತ್ತು. ಅವನು ಮುಚ್ಚಳವೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಕೈ ಹಾಕಿದ. ಮೊದಲು ಹೆಗಲಿಗೆ ಒತ್ತುವ ಹಿಂದಿನ ಮರ ತೆಗೆದು, ಹಳೆಯ ವಾರ್ನಿಷ್ ಹೆರೆದು, ಅಗಸೆ ಎಣ್ಣೆ ಕುಡಿಸಿದ. ಕುದುರೆಯ ಪೆಟ್ಟಿಗೆಯ ಒಳಗಿನ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದ. ಒಂದೊಂದು ತಿರುಪಿಗೂ ಸರಿಹೊಂದುವ ಹಾಗೆ ತಿರುಪುಳಿಯ ಬಾಯಿಯನ್ನೇ ಅರದಲ್ಲಿ ಉಜ್ಜಿ ಹೊಂದಿಸಿಕೊಂಡ. ಖಾಲಿ ತೋಟಾ ಎಳೆದೆಸೆಯುವ ಕೊಕ್ಕೆಯ ತುದಿ ಸವೆದಿತ್ತು. ಹೊಸದನ್ನು ಉಕ್ಕಿನ ಚೂರಿನಿಂದ ಕೆತ್ತಿ ಮೂರು ದಿನ ಕಳೆದ. ಸೋಮಾರಿಗೆ ಕೆಲಸ ಹೇಳಿದರೆ ನೂರು ನೆಪ ಎನ್ನುತ್ತಾರೆ. ತುಕ್ಕಣ್ಣ ನೂರು ಕೆಲಸಗಳನ್ನೇ ನೆಪ ಮಾಡಿಕೊಂಡಿದ್ದ.

ದಿನಾ ಟೀ ಲೋಟದ ಜೊತೆ ಕಿಂಡಿಯಿಂದ ಒಂದೇ ಪ್ರಶ್ನೆ. "ಮುಂದಿಂದು ಬಿಚ್ಚಿದ್ರಾ?"

"ತುಕ್ಕು ಹಿಡಿದಿದೆ. ಎಣ್ಣೆ ಬಿಟ್ಟಿದ್ದೀನಿ. ನೆನೀಬೇಕು."

"ಆಗ್ಲಿ" ಎಂದು ಕಿಂಡಿ ಖಾಲಿಯಾಗುತ್ತಿತ್ತು. ಎಣ್ಣೆ ಬಿಟ್ಟಿರಲಿಲ್ಲ. ಅವಳಿಗೆ ಅದು ತಿಳಿಯುತ್ತಿತ್ತೋ ಇಲ್ಲವೋ. ಮೂವತ್ತೈದು ವರ್ಷ ಕೋವಿ ರಿಪೇರಿಯವನ ಜೊತೆ ಬಾಳಿದವಳಿಗೆ ಎಣ್ಣೆ ಬಿಟ್ಟ ಮುಚ್ಚಳ ಯಾವುದು, ಬಿಡದ್ದು ಯಾವುದು ಎಂದು ತಿಳಿಯದೆ ಇದ್ದೀತೇ.

ಅವನು ಊಟ ಬಿಟ್ಟ. ಕೂತಲ್ಲೇ ಒಂದು ಲೆಕ್ಕ ಮನಸ್ಸಿನಲ್ಲಿ ತಿರುಗುತ್ತಿತ್ತು. ಭಾಮೈದನಿಗೆ ಬಲಗೈ ಚೆನ್ನಾಗಿತ್ತಲ್ಲ? ಮುಚ್ಚಳ ತಿರುಗಿಸಿ ಒಳಗೆ ನೋಡಲು ಎರಡು ನಿಮಿಷ ಸಾಕು. ಹತ್ತೊಂಬತ್ತು ವರ್ಷದಲ್ಲಿ ಯಾವತ್ತಾದರೂ ಒಂದು ದಿನ ಬಿಚ್ಚಿ ನೋಡಬಹುದಿತ್ತು. ರಿಂಗು ತಳದಲ್ಲಿದ್ದರೆ ಹೊತ್ತುಕೊಂಡು ಬಂದು ಈ ಮೇಜಿನ ಮೇಲೆ ಎಸೆದು, "ನೋಡಿ ನಿಮ್ಮ ಕೈಗೆಲಸ" ಎನ್ನಬಹುದಿತ್ತು. ಅನ್ನಲಿಲ್ಲ. ಬಿಚ್ಚಲೇ ಇಲ್ಲ. ಸಾಯುವಾಗ ಮಾತ್ರ ಭಾವನ ಕೈಲೇ ಬಿಚ್ಚಿಸು ಎಂದ. ಇದು ನಂಬಿಕೆಯೋ, ಬಲೆಯೋ? ತುಕ್ಕಣ್ಣನಿಗೆ ಬಗೆಹರಿಯಲಿಲ್ಲ. ದೇವರೇ, ರಿಂಗು ಮುಂದಿರಲಿ, ಎಂದು ಎಂದೂ ದೇವರನ್ನು ಕರೆಯದವನು ಅರ ಉಜ್ಜುತ್ತಾ ಬೇಡಿಕೊಂಡ.

ಹದಿನೆಂಟನೇ ತಾರೀಕು ಮಧ್ಯಾಹ್ನ ಬೇರೆ ದಾರಿಯೇ ಉಳಿಯಲಿಲ್ಲ. ಮೂರು ದಿನದಲ್ಲಿ ಸೀಳಿದ ಮರಕ್ಕೆ ಅಂಟು ಹಾಕಿ ಒಣಗಿಸಬೇಕು. ಹೆಂಡತಿ ಸಂತೆಗೆ ಹೋಗಿದ್ದ ಹೊತ್ತು ನೋಡಿ, ಅವನು ಬಾಗಿಲು ಹಾಕಿದ. ನಿಜವಾಗಿ ಎಣ್ಣೆ ಬಿಟ್ಟ. ಒಂದು ಗಂಟೆ ಅದರ ಮುಂದೆ ಕೂತ. ಮುಚ್ಚಳಕ್ಕೆ ತೊಗಲು ಸುತ್ತಿ ತಿರುಗಿಸಿದ. ಮೊದಲು ಜಗ್ಗಲಿಲ್ಲ. ಮತ್ತೆ ತಿರುಗಿಸಿದಾಗ ಕೆಂಪು ಗೆರೆ ಸದ್ದಿಲ್ಲದೆ ಎರಡಾಯಿತು.

ಮುಚ್ಚಳ ಬಂತು. ದಾರ ಬಿಚ್ಚಿ ಮರ ಎಳೆದ, ಮರ ಬಂತು. ನಳಿಗೆ ಸರಿಸಿದ. ಸ್ಪ್ರಿಂಗಿನ ಮುಂದೆ ಏನೂ ಇರಲಿಲ್ಲ.

ಬಿದ್ದಿರಬಹುದು ಎಂದು ಮೇಜಿನ ಕೆಳಗೆ ನೋಡಿದ. ಅಂಥ ಹೊತ್ತಿನಲ್ಲಿ ಮನುಷ್ಯ ಮೇಜಿನ ಕೆಳಗೂ ನೋಡುತ್ತಾನೆ. ಆಮೇಲೆ ಸ್ಪ್ರಿಂಗು ಎಳೆದು ತೆಗೆದ. ರಿಂಗು ತಳದಲ್ಲಿತ್ತು, ಪೆಟ್ಟಿಗೆಗೆ ಒರಗಿಕೊಂಡು ನೆಮ್ಮದಿಯಾಗಿ ಕೂತಿತ್ತು. ಅದನ್ನು ಎತ್ತಿದರೆ ಅದರಡಿಯಲ್ಲಿ ಕೊಳವೆಯ ಮೇಲೆ ಬೆರಳಗಲದ ಪಟ್ಟಿ ಕನ್ನಡಿಯಷ್ಟು ಶುಭ್ರ. ಮುಂದೆ, ರಿಂಗು ಇರಬೇಕಿದ್ದ ಜಾಗದಲ್ಲಿ, ಕೆಂಪಗೆ ಹುಡಿಹುಡಿ ತುಕ್ಕು. ತುಕ್ಕಿಗೆ ಸುಳ್ಳು ಹೇಳೋಕೆ ಬರಲ್ಲ.

ಆಗ ನಿಜವಾದ ನೆನಪು ಬಂತು. ಹೊಳಪಿಲ್ಲದ, ಸಾಧಾರಣ ನೆನಪು. ಕಲ್ಲುಗಣಿಯಿಂದ ಬಂದು ಕೋವಿಯನ್ನು ಮೇಜಿನ ಮೇಲಿಟ್ಟಿದ್ದ. ಭಾಮೈದ ಬಾಗಿಲಲ್ಲಿ ನಿಂತು, "ಬೇಗ ಭಾವ, ಹಂದಿ ನಿಮ್ಮ ಹಾಗೆ ಮನೇಲಿ ಕೂತಿರಲ್ಲ" ಎಂದಿದ್ದ. ತುಕ್ಕಣ್ಣ ಜೋರಾಗಿ ನಕ್ಕಿದ್ದ. ನಗುತ್ತಲೇ ಉಗುರುಬಣ್ಣದ ಸೀಸೆ ತೆಗೆದು, ಗೆರೆ ಎಳೆದು, "ತಗೊಂಡು ಹೊರಡು ಮಾರಾಯ" ಎಂದಿದ್ದ. ಅಷ್ಟೇ. ರಿಂಗು ಜಾರಿ ಕೂತ ಸದ್ದು ಬೇರೆ ಯಾವುದೋ ಕೋವಿಯದು.

ಅವನು ಸ್ಟೂಲಿನ ಮೇಲೆ ಕೂತು ಬಾಯಿಗೆ ಎಣ್ಣೆ ಬಟ್ಟೆ ಒತ್ತಿಕೊಂಡು ಅತ್ತ. ಇಸ್ತ್ರಿಯವನಿಗೆ ಕೇಳಿಸಬಾರದೆಂದು ಬಟ್ಟೆ. ಮೂರು ಬೆರಳು ಅವನಿಂದ ಹೋದವು, ಕೋಟಿನ ಕಸುಬು ಅವನಿಂದ ಹೋಯಿತು. ಅದಕ್ಕಾದರೂ ತಪ್ಪು ಎಂಬ ಹೆಸರಿದೆ, ಕೈ ಇರುವವನ ಕೈ ತಪ್ಪುತ್ತದೆ. ಆದರೆ ಹತ್ತೊಂಬತ್ತು ವರ್ಷ ಒಬ್ಬ ಅಕ್ಕನನ್ನು ತಮ್ಮನಿಂದ ದೂರ ಇಟ್ಟದ್ದಕ್ಕೆ ಯಾವ ಹೆಸರು? ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತ ಆ ಅರ್ಧ ಗಂಟೆಗೆ?

ಕದ ತಟ್ಟುವ ಸದ್ದಾಯಿತು. ಹೆಂಡತಿ ಸಂತೆಯಿಂದ ಬಂದಿದ್ದಳು. ಅವನು ಏನು ಮಾಡಿದ ಗೊತ್ತೇ? ಬಾಗಿಲು ತೆಗೆಯುವ ಮುಂಚೆ ಸ್ಪ್ರಿಂಗು ಮತ್ತೆ ಏರಿಸಿ, ರಿಂಗನ್ನು ಅದರ ಮುಂದೆ ಹಾಕಿದ.

ಅವಳು ಚೀಲ ಕೆಳಗಿಡದೆ ನೇರ ಮೇಜಿನ ಹತ್ತಿರ ಬಂದಳು. ಅಪ್ಪನ ಕೋವಿ ಒರೆಸಿ ಬೆಳೆದವಳು. ರಿಂಗು ಯಾವುದು, ಎಲ್ಲಿರಬೇಕು, ಅವಳಿಗೆ ಗೊತ್ತಿತ್ತು. ಮುಂದಿದ್ದ ರಿಂಗನ್ನು ನೋಡಿದಳು. ಬೆರಳಿನಿಂದ ಮುಟ್ಟಿದಳು. ಹತ್ತೊಂಬತ್ತು ವರ್ಷದಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಳು.

"ಬದಲಾಯಿಸಿದ್ರಿ" ಎಂದಳು. "ಬದಲಾಯಿಸಿದ್ರಿ, ಅಲ್ವಾ."

ಅವನು ಅಂಟಿನ ಡಬ್ಬಿ ಹುಡುಕತೊಡಗಿದ. ಆ ದಿನ ಸಂಜೆ ಕಿಂಡಿಯಿಂದ ಬೈಗುಳ ಬಂತು: "ಟೀ ತಣ್ಣಗಾಗ್ತಿದೆ, ಏನು ಮುಹೂರ್ತ ನೋಡ್ತಿದ್ದೀರಾ?" ಎಂಟು ತಿಂಗಳ ಮೇಲೆ ಬಂದ ಆ ಬೈಗುಳ ಕೇಳಿ ಅವನು ಲೋಟ ಮುಟ್ಟದೆ ಅರ ಕೈಗೆತ್ತಿಕೊಂಡ.

ಹಿಡಿಮರದ ಸೀಳಿನೊಳಗೆ ಒಂದು ಕಪ್ಪು ಕಲೆ ಇತ್ತು. ಏನೆಂದು ಅವನಿಗೆ ಗೊತ್ತಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿದ, ಸಣ್ಣ ಮರಳುಕಾಗದದಲ್ಲಿ ಉಜ್ಜಿದ. ಅದು ಮರಕ್ಕೆ ಇಳಿದುಹೋಗಿತ್ತು. ಅದರ ಮೇಲೆಯೇ ಅಂಟು ಹಚ್ಚಿ, ಅಡ್ಡಕ್ಕೆ ಎರಡು ಹಿತ್ತಾಳೆ ಮೊಳೆ ಕೂರಿಸಿ, ವೈಸಿನಲ್ಲಿ ಬಿಗಿದ. ಬದುಕಿನಲ್ಲೇ ಅಷ್ಟು ಚೆನ್ನಾಗಿ ಅವನು ಯಾವ ಮರವನ್ನೂ ಕೂಡಿಸಿರಲಿಲ್ಲ. ಕೂಡಿದ ಜಾಗ ಉಗುರಿಗೆ ಸಿಗುತ್ತಿರಲಿಲ್ಲ.

ಇಪ್ಪತ್ತೊಂದನೇ ತಾರೀಕು ಗಂಡ ಹೆಂಡತಿ ಇಬ್ಬರೂ ಲೈಸೆನ್ಸ್ ಕಚೇರಿಯ ಮೈದಾನಕ್ಕೆ ಹೋದರು. ಅಧಿಕಾರಿ ಐದು ತೋಟಾ ಎಣಿಸಿ ಕೊಟ್ಟ. ಭಾರದವೇ. ತುಕ್ಕಣ್ಣ ತನ್ನ ಎಡಗೈಯನ್ನು ಹಿಡಿಮರದ ಮೇಲೆ, ಸರಿಯಾಗಿ ಆ ಕಲೆಯ ಮೇಲೆ ಇಟ್ಟು, ಕುದುರೆ ಎಳೆದ. ಮರ ಮತ್ತೆ ಸೀಳಲಿ, ನನ್ನ ಕೈಯೂ ಹೋಗಲಿ ಎಂದು ಅವನು ಪ್ರತಿ ಗುಂಡಿಗೂ ಬಯಸಿದ. ಎಲ್ಲಿ ಸೀಳುತ್ತದೆ? ಅವನು ಕೂಡಿಸಿದ ಮರ ಅದು. ಐದು ಖಾಲಿ ತೋಟಾಗಳು ಒಂದೇ ಕಡೆ, ಒಂದರ ಪಕ್ಕ ಒಂದು ಬಿದ್ದವು. "ಬೆಣ್ಣೆ ಕಣ್ರೀ" ಎಂದ ಅಧಿಕಾರಿ ಕಾಗದಕ್ಕೆ ಮುದ್ರೆ ಒತ್ತಿದ. ಹೆಂಡತಿ ಸಹಿ ಹಾಕಿದಳು. ಉಳಿದ ಕಾಗದಪತ್ರ ಮುಗಿದ ಮೇಲೆ ಬಂದು ಕೋವಿ ಒಯ್ಯಿರಿ ಎಂದರು.

ಬಸ್ಸಿಗೆ ಕಾಯುವಾಗ ಹೆಂಡತಿ ಸೆರಗು ಸರಿಮಾಡಿಕೊಂಡಳು. "ಮನೆಗೆ ಬೇಡ. ತಮ್ಮನ ಮನೆಗೆ ಹೋಗೋಣ. ಈಗ ತಲೆ ಎತ್ಕೊಂಡು ಹೋಗಬಹುದು. ನನ್ನ ಗಂಡಂದು ತಪ್ಪಿರಲಿಲ್ಲ ಅಂತ ಅವಳಿಗೂ ಗೊತ್ತಾಗ್ಲಿ, ಪಾಪ ಅವನೂ ಏನೋ ಗೊತ್ತಾಗದೆ ಮಾಡ್ಕೊಂಡ..."

ತುಕ್ಕಣ್ಣನಿಂದ ಇನ್ನು ತಾಳಲಾಗಲಿಲ್ಲ.

"ರಿಂಗು ತಳದಲ್ಲಿತ್ತು ಕಣೇ" ಎಂದ. "ನೀನು ಬರೋ ಮುಂಚೆ ನಾನೇ ಮುಂದಕ್ಕೆ ಹಾಕ್ದೆ."

ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ಅದನ್ನ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು?" ಎಂದಳು.

"ಎರಡು ನಿಮಿಷ."

"ಎರಡು ನಿಮಿಷ" ಎಂದಳು ಅವಳು. ಅಷ್ಟರಲ್ಲಿ ಬಸ್ಸು ಬಂತು. ಅವಳು ಹತ್ತಿ ಮುಂದೆ ಕೂತಳು. ಅವನು ಹಿಂದೆ ಕಂಬಿ ಹಿಡಿದು ನಿಂತ. ದಾರಿಯುದ್ದಕ್ಕೂ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಇಳಿದ ಮೇಲೆ ಹತ್ತು ಹೆಜ್ಜೆ ಹಿಂದೆ ನಡೆದ.

ಭಾಮೈದನ ಹೆಂಡತಿ ಬಾಗಿಲು ತೆಗೆದು, "ಅತ್ತಿಗೆ!" ಎಂದು ಅಲ್ಲೇ ನಿಂತುಬಿಟ್ಟಳು. ಒಳಗೆ ಗೋಡೆಯ ಮೇಲೆ ಅವನ ಫೋಟೋ, ಅದರ ಕೆಳಗೆ ಮುಸುಕು ಹಾಕಿದ ಹೊಲಿಗೆ ಯಂತ್ರ. ಹೆಂಡತಿ ಚಪ್ಪಲಿ ಬಿಡಲಿಲ್ಲ. ಹೊಸ್ತಿಲ ಈಚೆಗೇ ನಿಂತು, "ಇವರು ನಿನಗೆ ಏನೋ ಹೇಳ್ಬೇಕಂತೆ" ಎಂದು ಪಕ್ಕಕ್ಕೆ ಸರಿದಳು.

ನಲವತ್ತು ವರ್ಷ ಊರಿನ ಬಾಯಿ ಮುಚ್ಚಿಸಿದವನಿಗೆ ಬಾಯಿ ತೆರೆಯಲು ಬಹಳ ಹೊತ್ತು ಹಿಡಿಯಿತು. "ತಂಗೀ, ಅವತ್ತು ಅವನು ಕೇಳಿದ್ನಲ್ಲ. ರಿಂಗು ನಾನು ಬದಲಾಯಿಸಿರ್ಲಿಲ್ಲ. ತಪ್ಪು ನಂದು. ಆಣೆನೂ ಸುಳ್ಳು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕುತ್ತಿದ್ದ. "ಗೊತ್ತಿತ್ತು ಅಣ್ಣ" ಎಂದಳು. "ಅವರಿಗೂ ಅನುಮಾ‍ನ ಇತ್ತು. ಒಂದ್ಸಲ ನಾನೇ ಬಿಚ್ಚಿ ನೋಡೋಣ ಅಂತ ಮುಚ್ಚಳಕ್ಕೆ ಕೈ ಹಾಕಿದ್ದೆ. ಕಿತ್ಕೊಂಡ್ರು. ಅಕ್ಕನ ತಲೆ ಮೇಲೆ ಆಣೆ ಇದೆ ಕಣೇ, ಬಿಚ್ಚಿ ಅದು ಸುಳ್ಳು ಅಂತ ಆದ್ರೆ ಅಕ್ಕನಿಗೆ ಏನಾದ್ರೂ ಆಗುತ್ತೆ, ಮುಚ್ಚಿರೋದು ಮುಚ್ಚೇ ಇರ್ಲಿ ಅಂದ್ರು. ಕೊನೇವರೆಗೂ ಅದೇ ಹೆದರಿಕೆ. ಭಾವನೇ ಬಿಚ್ಚಿದ್ರೆ ಯಾರಿಗೂ ಗೊತ್ತಾಗದ ಹಾಗೆ ಅವರೇ ಸರಿ ಮಾಡ್ತಾರೆ ಅಂದ್ರು."

ಹೆಂಡತಿ ತನ್ನ ತಲೆಯ ಮೇಲೆ ಕೈ ಇಟ್ಟುಕೊಂಡಳು. ಅಂದು ಆಸ್ಪತ್ರೆಯಲ್ಲಿ ಗಂಡ ಕೈ ಇಟ್ಟ ಜಾಗದಲ್ಲೇ.

"ನನಗೇನೂ ಆಗಿಲ್ವಲ್ಲೋ" ಎಂದಳು ಫೋಟೋದ ಕಡೆ ನೋಡಿ. "ನೋಡು, ಚೆನ್ನಾಗೇ ಇದ್ದೀನಿ. ನೀನೇ ಅಲ್ವಾ ಹೋದೋನು."

ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ನಾದಿನಿ ಅತ್ತಿಗೆ ಇಬ್ಬರೂ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅಳುವುದು ಹೊರಗೆ ಕೇಳಿಸುತ್ತಿತ್ತು. ತುಕ್ಕಣ್ಣ ಹೊಸ್ತಿಲಾಚೆ, ಅವಳ ಚಪ್ಪಲಿಯ ಪಕ್ಕ ನಿಂತೇ ಇದ್ದ. ಬಾ ಎಂದು ಯಾರೂ ಕರೆಯಲಿಲ್ಲ, ಹೋಗು ಎಂದೂ ಯಾರೂ ಹೇಳಲಿಲ್ಲ.